ಅಜ್ಜಿಯ ಮುಂದೆ ನಿಂತ ಬಾಂಬರ್ ಪೈಲಟ್

ನಾನು ನಿಮಗಿಂತ ಚಿಕ್ಕವನಿದ್ದಾಗಲೇ ಸಿನಿಮಾದಲ್ಲಿ ನಟಿಸಿದವನು. ನಗಬೇಡಿ ಮಕ್ಕಳೇ! ಮೈಸೂರಿನ ಹತ್ತಿರ ಇಂಗ್ಲಿಷ್ ಸಿನಿಮಾದ ಶೂಟಿಂಗ್ ನಡೆದಾಗ ಸಂತೆಯ ದೃಶ್ಯಕ್ಕೆ ಮಕ್ಕಳು ಬೇಕಾಗಿದ್ದರು. ನನ್ನಂಥ ಚೆಂದದ ಮೂಗು ಇಡೀ ಬೀದಿಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ನನ್ನನ್ನೇ ಮೊದಲು ಆರಿಸಿದರು. ನಿಮ್ಮಪ್ಪನ ಮೂಗು ನೋಡಿ ಅಳೆಯಬೇಡಿ, ಅದು ನನ್ನ ಕಡೆಯದಲ್ಲ.

ಆದರೆ ನಾನು ಹೋದದ್ದು ನಟನೆಗಲ್ಲ. ಆ ಸಿನಿಮಾದ ಹೀರೋ ದೊಡ್ಡ ಹೆಸರಿನ ಬಿಳಿಯ ನಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವನು ಬರ್ಮಾದ ಮೇಲೆ ಬಾಂಬರ್ ವಿಮಾನ ಹಾರಿಸಿದ್ದನೆಂದು ಅಪ್ಪ ಪೇಪರಿನಲ್ಲಿ ಓದಿ ಹೇಳಿದ್ದರು. ನಮ್ಮ ಚಿಕ್ಕಪ್ಪನೂ ಅಂಥದೇ ವಿಮಾನದಲ್ಲಿ ವೈರ್‌ಲೆಸ್ ಕೆಲಸಕ್ಕೆ ಹೋಗಿ, ಅದೇ ಬರ್ಮಾದಲ್ಲಿ ಕಾಣೆಯಾಗಿದ್ದ. ನಾನು ಹುಟ್ಟುವ ಮೊದಲಿನ ಮಾತು. ಅಂದಿನಿಂದ ಆಕಾಶದಲ್ಲಿ ಗುಂಯ್ ಎಂದರೆ ಸಾಕು, ಅವನ ತಾಯಿ, ಅಂದರೆ ನನ್ನ ಅಜ್ಜಿ, ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡುತ್ತಿದ್ದಳು.

ಕಾಣೆಯಾದವರಿಗಾಗಿ ಹನ್ನೆರಡು ವರ್ಷ ಕಾದು, ಆಮೇಲೆ ದರ್ಭೆಯಲ್ಲಿ ಗೊಂಬೆ ಕಟ್ಟಿ ಸುಟ್ಟು, ಸತ್ತರೆಂದು ಕರ್ಮ ಮುಗಿಸುವುದು ನಮ್ಮಲ್ಲಿ ಪದ್ಧತಿ. ಕಾಯುವ ವರ್ಷಗಳು ಮುಗಿದಿದ್ದವು. ಶೂಟಿಂಗಿನ ಮರುದಿನವೇ ಪುರೋಹಿತರು ಬರುವವರಿದ್ದರು.

“ಬದುಕಿರೋನನ್ನ ಸುಡ್ತೀಯೇನೋ? ಮೊದ್ಲು ಆ ಪೈಲಟ್ಟನ್ನ ಕೇಳು,” ಎಂದು ಅಜ್ಜಿ ಅಪ್ಪನ ಮುಂದೆ ಹಟ ಹಿಡಿದಳು.

ಶೂಟಿಂಗಿನ ಕಾವಲಿನವರು ಅವರಿಬ್ಬರನ್ನೂ ಹಗ್ಗದಾಚೆಯೇ ನಿಲ್ಲಿಸಿದರು. ನಿಲ್ಲಿಸಿದರೇನು, ಒಳಗೆ ನಾನಿದ್ದೆನಲ್ಲ! ನಟ ಕುದುರೆಯೇರಿ ಬಂದ. ಧೂಳು, ಕುದುರೆಯ ಬೆವರಿನ ವಾಸನೆ. ಕ್ಯಾಮೆರಾ ಓಡುತ್ತಿರುವಾಗಲೇ ಗುಂಪಿನಿಂದ ಹಾರಿ ಅವನ ಬೂಟು ತಬ್ಬಿಕೊಂಡೆ. ಯಾರೋ ಕಿರುಚಿದರು, ಯಾರೋ ನನ್ನ ಕಿವಿ ಹಿಂಡಿದರು. ನಾನು ಬಿಡುವವನೇ? ಅಜ್ಜಿಯತ್ತ ಕೈ ತೋರಿಸಿದೆ. ನಟ ನಗುತ್ತ ಇಳಿದು ಬಂದ.

ಅಜ್ಜಿ ಸೆರಗಿನೊಳಗಿನಿಂದ ಚಿಕ್ಕಪ್ಪನ ಫೋಟೋ ತೆಗೆದಳು. ಅಪ್ಪ ತಮಗೆ ಬಂದ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ನಟನ ನಗು ಆರಿಹೋಯಿತು. ಬಣ್ಣ ಬಳಿದ ಕೆನ್ನೆಯ ಮೇಲೆ ಬೆವರು ಗೆರೆಯಾಗಿ ಇಳಿಯಿತು. ಅವನು ಮೆಲ್ಲಗೆ, ತುಂಬ ಹೊತ್ತು ಏನೋ ಹೇಳಿದ.

“ಅವರಿಗೆ ಗೊತ್ತಿಲ್ವಂತಮ್ಮ,” ಎಂದರು ಅಪ್ಪ.

“ಅಷ್ಟುದ್ದ ಹೇಳಿದ್ನಲ್ಲೋ? ಹೋಗ್ಲಿ, ನೀನು ಹೇಳ್ಬೇಡ ಬಿಡು. ಅವನ ಮುಖ ನೋಡ್ದೆ.”

ಅಷ್ಟು ದೊಡ್ಡ ನಟ. ಅಜ್ಜಿಯ ಮುಂದೆ ನಟಿಸಲು ಅವನ ಕೈಲಾಗಲಿಲ್ಲ. ಅವನು ಹೇಳಿದ್ದೇನೆಂದು ನಾನು ದೊಡ್ಡವನಾದ ಮೇಲೆ ಅಪ್ಪ ತಿಳಿಸಿದರು. ಆ ಕಾಡಿಗೆ ವಿಮಾನ ಬಿದ್ದರೆ ಮರಗಳು ಮೇಲೆ ಮುಚ್ಚಿಕೊಂಡುಬಿಡುತ್ತವೆ, ಹಸಿರು ಬಿಟ್ಟು ಏನೂ ಕಾಣದು, ತನ್ನ ಗೆಳೆಯರೂ ಅಲ್ಲೇ ಇದ್ದಾರೆ ಎಂದಿದ್ದನಂತೆ.

ಮರುದಿನ ದರ್ಭೆಯ ಗೊಂಬೆಗೆ ಅಜ್ಜಿಯೇ ಚಿಕ್ಕಪ್ಪನ ಅಂಗಿ ಹೊದಿಸಿದಳು. ಆಮೇಲೆ ವಿಮಾನ ಎಷ್ಟು ಕೆಳಗೆ ಹಾರಿದರೂ ತಲೆಯೆತ್ತಲಿಲ್ಲ.

ಇಲ್ಲಿ ಐರ್ಲೆಂಡಿನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಈ ಸ್ವೋರ್ಡ್ಸ್ ಊರಿನಲ್ಲಿ, ನಿಮ್ಮ ಮನೆಯ ಚಾವಣಿ ಸವರಿಕೊಂಡೇ ವಿಮಾನಗಳು ಇಳಿಯುತ್ತವೆ. ನೀವು ಟೋಸ್ಟ್ ಕಡಿಯುತ್ತ ಫೋನಿನಲ್ಲಿ ವಿಮಾನಗಳ ಭೂಪಟ ನೋಡಿ, ಯಾವುದು ಎಲ್ಲಿಂದ ಬಂತೆಂದು ಹೇಳಿಬಿಡುತ್ತೀರಿ. ಮೊನ್ನೆ ನಿಮ್ಮಪ್ಪ ಬೆಂಗಳೂರಿನಿಂದ ವಾಪಸ್ ಬರುವಾಗ ಅವನ ವಿಮಾನ ನಿಮ್ಮ ಬೆರಳ ತುದಿಯಲ್ಲೇ ಸಮುದ್ರ ದಾಟಿತು. “ಲ್ಯಾಂಡ್ ಆಯ್ತು ಅಜ್ಜ, ಹೀ ಈಸ್ ಗ್ರ್ಯಾಂಡ್!” ಎಂದಿರಿ. ಕ್ಷೇಮವಾಗಿದ್ದಾನೆ ಎನ್ನುವುದಕ್ಕೆ ನಿಮ್ಮ ಈ ಊರಿನ ಮಾತು ಅದು.

ಆವತ್ತು ಸಂಜೆ ಆ ಫೋನು ಕಾಣದೆ ಮನೆಯೆಲ್ಲ ತಡಕಾಡಿದಿರಲ್ಲ, ಕದ್ದವನು ನಾನೇ. ನನ್ನಂಥ ಕಳ್ಳ ಇಡೀ ಐರ್ಲೆಂಡಿನಲ್ಲಿ ಸಿಗುವುದಿಲ್ಲ. ಬಾತ್‌ರೂಮಿನಲ್ಲಿ ಕೂತು ಭೂಪಟವನ್ನು ಬರ್ಮಾದ ತನಕ ತಳ್ಳಿಕೊಂಡು ಹೋದೆ. ಅಲ್ಲಿಯೂ ಪುಟ್ಟ ಪುಟ್ಟ ವಿಮಾನಗಳಿದ್ದವು. ಒಂದೊಂದನ್ನೂ ಒತ್ತಿ ನೋಡಿದೆ. ಎಲ್ಲವೂ ಬೇರೆಯವರ ಊರಿಗೆ ಹೋಗುತ್ತಿದ್ದವು. ಕೆಳಗೆ ಬರೀ ಹಸಿರು.