ಅತ್ತೆ ಮೂಸಿದ ಚೀಲ

ಕಾಫಿ ಕುಯ್ಲಿನ ತಿಂಗಳುಗಳಲ್ಲಿ ನನ್ನ ತಲೆಗೂದಲಿನಿಂದ ಗೋಣಿನಾರಿನ ಧೂಳು ಹೋಗುವುದೇ ಇಲ್ಲ. ಸಕಲೇಶಪುರದಲ್ಲಿ ನಮ್ಮದು ಹಳೆ ಗೋಣಿಚೀಲದ ಅಂಗಡಿ. ಖಾಲಿಯಾದ ಚೀಲಗಳನ್ನು ಕೊಂಡು, ಒಳಮೈ ಹೊರಗೆ ಮಾಡಿ ಕೊಡವಿ, ತೂತುಗಳನ್ನು ದಬ್ಬಣದಲ್ಲಿ ಹೊಲಿದು ಕಾಫಿ ಬೆಳೆಯುವವರಿಗೆ ಮಾರುತ್ತೇವೆ. ಸಾಕಾಗಿದೆ ಎಂದರೆ ನನ್ನ ಗಂಡ, ‘ಪ್ಲಾಸ್ಟಿಕ್ ಚೀಲ ಬಂದು ಹೆಂಗೂ ಅಂಗಡಿ ಮುಚ್ಚೋ ಹಂಗಾಗೈತೆ, ಇನ್ನೊಂದೆರಡು ವರ್ಷ ತಡ್ಕೋ’ ಎನ್ನುತ್ತಾರೆ. ಆದರೆ ಪ್ಲಾಸ್ಟಿಕ್ಕಿನಲ್ಲಿ ಕಾಫಿ ಬೆವರುತ್ತದೆ ಎಂದು ಜನ ಮತ್ತೆ ನಮ್ಮ ಬಾಗಿಲಿಗೇ ಬರುತ್ತಾರೆ. ನನಗೆ ಬಿಡುಗಡೆಯಿಲ್ಲ.

ಕಾಫಿಗೊಂದು ಕೆಟ್ಟ ಚಾಳಿ. ಸೀಮೆಎಣ್ಣೆ, ಗೊಬ್ಬರ, ಸೋಪು, ಚೀಲದಲ್ಲಿ ಹಿಂದೆ ಏನಿತ್ತೋ ಅದರ ವಾಸನೆಯನ್ನೆಲ್ಲ ಕುಡಿದುಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಮೂಸದೆ ಚೀಲ ಕೊಡುವ ಹಾಗಿಲ್ಲ. ಆ ಕೆಲಸ ನನ್ನ ಅತ್ತೆಯದು. ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು, ಒಂದೊಂದೇ ಚೀಲದೊಳಗೆ ಕುತ್ತಿಗೆಯವರೆಗೂ ತಲೆ ತೂರಿಸಿ, ಉಸಿರೆಳೆದು, ಹೊರಬಂದು ‘ಆಗ್ಬೋದು’ ಅನ್ನುತ್ತಾರೆ. ಯಸಳೂರು ಕಡೆಯವರಂತೂ ‘ಅಮ್ಮ ಮೂಸವ್ರಾ?’ ಎಂದು ಕೇಳಿಯೇ ಚೀಲ ಮುಟ್ಟುವುದು. ಮಂಡಿ ಹೋಗಿ, ಕಣ್ಣು ಮಂಜಾಗಿ, ಅಡುಗೆಮನೆಯನ್ನೂ ನನಗೆ ಬಿಟ್ಟುಕೊಟ್ಟ ಅತ್ತೆಗೆ ಉಳಿದಿದ್ದ ಯಜಮಾನಿಕೆ ಅದೊಂದೇ.

ಹೋದ ವರ್ಷ ಯಸಳೂರಿನ ಬೆಳೆಗಾರರೊಬ್ಬರು ಬಂದು ಒಂದು ಖಾಲಿ ಚೀಲವನ್ನು ಅಂಗಡಿಯ ಮೆಟ್ಟಿಲ ಮೇಲೆ ಎಸೆದರು. ಒಣಮೀನಿನ ನಾತ!

‘ಒಳಗಿದ್ದ ಕಾಫಿ ಎಲ್ಲ ಮೀನಾಗ್ಬುಟ್ಟೈತೆ ಕಣ್ರೀ. ಅಮ್ಮ ಮೂಸವ್ರೆ ಅಂತ ಕಣ್ಮುಚ್ಕೊಂಡು ತುಂಬ್ದೆ!’

ನಮ್ಮದು ಲಿಂಗಾಯತರ ಮನೆ. ಮೀನಂಗಡಿಯ ರಸ್ತೆಯಲ್ಲಿ ಸೆರಗನ್ನು ಮೂಗಿಗೊತ್ತಿಕೊಂಡು ನಡೆಯುತ್ತಿದ್ದ ಅತ್ತೆ ಆ ಚೀಲದೊಳಗೆ ತಲೆ ತೂರಿಸಿ ‘ಆಗ್ಬೋದು’ ಅಂದಿದ್ದರು. ಈಗ ಅದು ಅವರ ಕಾಲ ಬಳಿಯೇ ಬಿದ್ದಿದ್ದರೂ ಮುಖ ಸಿಂಡರಿಸಲಿಲ್ಲ. ಆಗಲೇ ನನಗೆ ಹೊಳೆದದ್ದು. ಆ ಮಳೆಗಾಲದಲ್ಲಿ ಬಂದಿದ್ದ ಜ್ವರ ಅವರ ಮೂಗನ್ನು ಹೊತ್ತುಕೊಂಡು ಹೋಗಿತ್ತು, ಅವರು ಯಾರಿಗೂ ಹೇಳಿರಲಿಲ್ಲ. ಊರಿಗೆ ಗೊತ್ತಾದರೆ ಬಾಗಿಲ ಬಳಿಯ ಆ ಮಣೆಯೂ ಹೋಗುತ್ತದೆ.

‘ಅತ್ತೆ ಮೂಸದೆ ಇಟ್ಟಿದ್ದ ರಾಶಿಯಿಂದ ನಾನೇ ತಪ್ಪಿ ಕೊಟ್ಬಿಟ್ಟೆ’ ಅಂದೆ. ಬಂದವರ ಬೈಗುಳವೂ ಗಂಡನ ಬೈಗುಳವೂ ನನಗೇ ಬಿತ್ತು. ಅತ್ತೆ ಮುಂದಿನ ಚೀಲ ಎಳೆದುಕೊಂಡು ಅದರೊಳಗೆ ತಲೆ ತೂರಿಸಿದರು.

ಅಂದಿನಿಂದ ಕೆಲಸ ದುಪ್ಪಟ್ಟಾಯಿತು. ಅತ್ತೆ ಮೂಸಿದ ಚೀಲಗಳನ್ನು ಹಿತ್ತಿಲಿಗೆ ಹೊತ್ತು, ಹೊಲಿಗೆ ನೋಡುವ ನೆಪದಲ್ಲಿ ನಾನೂ ತಲೆ ತೂರಿಸುತ್ತಿದ್ದೆ. ಸಂಜೆಗೆ ಗಂಟಲು ಕಟ್ಟುತ್ತಿತ್ತು, ಸೊಂಟ ಬಿದ್ದುಹೋಗುತ್ತಿತ್ತು. ಸಿಟ್ಟೂ ಬರುತ್ತಿತ್ತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಅತ್ತೆಯ ಗಂಟೇನು ಹೋಗುತ್ತಿತ್ತು?

ಈ ಸಲ ಕುಯ್ಲು ಮುಗಿಯುತ್ತಾ ಬಂದಾಗ, ಒಂದು ಮಧ್ಯಾಹ್ನ ಚೀಲದೊಳಗೆ ತಲೆ ಹಾಕಿದ ಅತ್ತೆ ಹೊರಗೆ ಬರಲೇ ಇಲ್ಲ. ಗಾಬರಿಯಾಗಿ ಹತ್ತಿರ ಹೋದೆ. ಒಳಗಿನಿಂದಲೇ ಮಾತು ಬಂತು.

‘ಹಿತ್ಲಲ್ಲಿ ನೀನು ಕೆಮ್ಮೋದು ಕೇಳ್ಸುತ್ತೆ ಕಣವ್ವ. ಮೂಗು ಹೋಗೈತೆ, ಕಿವಿ ಹೋಗಿಲ್ಲ.’

ನಾನು ಅವರ ಮಣೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತೆ.

‘ನಾಳೆಯಿಂದ ಮೊದ್ಲು ನೀನ್ ಮೂಸು. ಒಳ್ಳೇವು ಮಾತ್ರ ನಂಗೆ ಕೊಡು. ಬಂದವ್ರ ಮುಂದೆ ಆಗ್ಬೋದು ಅನ್ನೋದೊಂದು ನಂಗೆ ಬುಡು.’

‘ಹೂಂ ಅತ್ತೆ’ ಅಂದೆ. ಆಮೇಲೂ ಅವರು ಸ್ವಲ್ಪ ಹೊತ್ತು ಚೀಲದೊಳಗೇ ಇದ್ದರು.