ಬೋಳುಕುತ್ತಿಗೆ ಬಾಣಂತಿಯ ಮನೆ

ನಮ್ಮ ಮನೆಯ ಕೋಳಿಗಳು ನೋಡಲು ಚೆಂದವಿಲ್ಲ. ಕುತ್ತಿಗೆಯಲ್ಲಿ ಒಂದು ಗರಿಯೂ ಇಲ್ಲದ ಬೋಳುಕುತ್ತಿಗೆ ತಳಿ. ಹೊಸಬರು ಬಂದರೆ "ಇದಕ್ಕೆಂತ ಆಗಿದೆ?" ಎಂದು ಕೇಳುತ್ತಾರೆ. ನನ್ನ ಅತ್ತೆಯ ಎದುರು ಹಾಗೆ ಕೇಳಿ ಎರಡನೇ ಲೋಟ ಚಾ ಕುಡಿದವರಿಲ್ಲ. ಅವರು ಇಡಗುಂದಿ ಕಡೆಯ ತವರಿನಿಂದ ಸಿದ್ದಾಪುರದ ಈ ಮನೆಗೆ ಮದುವೆಯಾಗಿ ಬಂದಾಗ ಜೊತೆಗೆ ಬಂದದ್ದು ಒಂದು ಹೇಂಟೆಯಂತೆ. ಇಲ್ಲಿರುವುದೆಲ್ಲ ಅದರ ಸಂತಾನ. ತವರಿನಲ್ಲಿ ಆ ತಳಿ ಯಾವತ್ತೋ ಮುಗಿದುಹೋಗಿ, ಈಗ ಪೇಟೆಯಿಂದ ತಂದ ಮರಿಗಳನ್ನು ಸಾಕುತ್ತಾರೆ.

ಹೋದ ಚಳಿಗಾಲದಲ್ಲಿ ನಮ್ಮವೂ ಗೊರಗೊರ ಉಸಿರೆಳೆಯುತ್ತ ಒಂದೊಂದಾಗಿ ಸತ್ತವು. ಉಳಿದದ್ದು ಒಂದು ಹುಂಜ, ಒಂದು ಹೇಂಟೆ. ಅತ್ತೆ ಊಟ ಕಡಿಮೆ ಮಾಡಿದರು. "ನನ್ನ ಜೊತೆ ಬಂದದ್ದು ನನಗಿಂತ ಮೊದಲೇ ಮುಗೀತದೆ ಕಾಣ್ತದೆ" ಅಂದರು. ಅಂಥದರಲ್ಲಿ ಆ ಹೇಂಟೆ ಕಾವಿಗೆ ಕೂತು ಮರಿ ಮಾಡಿತು. ಅತ್ತೆಯ ಮುಖ ಅರಳಿತು, ಹೇಂಟೆಗೆ ಬಾಣಂತನ ಶುರುವಾಯಿತು.

ನಮ್ಮಲ್ಲಿ ಬಾಣಂತಿಗೆ ಗಾಳಿ ತಾಗಬಾರದು. ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ಸಂಜೆ ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಕೊಡುತ್ತಾರೆ. ಕೋಳಿಗೂಡೆಂದರೆ ಹಿತ್ತಿಲಲ್ಲಿದ್ದ ಹಳೇ ಮರದ ಪೆಟ್ಟಿಗೆ, ಮೇಲೊಂದು ತಗಡು. ಅತ್ತೆ ಅದರ ಸಂದಿಗಳಿಗೆಲ್ಲ ಗೋಣಿಚೀಲ ತುರುಕಿ ಮೇಲೆ ಕಂಬಳಿ ಹೊದಿಸಿದರು. ಅನ್ನಕ್ಕೆ ಕಾಳುಮೆಣಸಿನ ಪುಡಿ ಬೇರೆ. ನನ್ನ ಎರಡು ಬಾಣಂತನದಲ್ಲೂ ಇಷ್ಟು ಉಪಚಾರ ಸಿಕ್ಕಿರಲಿಲ್ಲ ಎಂದು ನಾನು ಗಂಡನ ಹತ್ತಿರ ಹೇಳಿದೆ. ಅವರು ಜಾಣರು, ಪೇಪರಿನಿಂದ ತಲೆ ಎತ್ತಲಿಲ್ಲ.

ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದೆ. ಹಿಕ್ಕೆಯ ಘಾಟು ಮೂಗಿಗೆ ರಪ್ಪೆಂದು ಹೊಡೆಯಿತು. ತಗಡಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೆಳಗಿನ ಹುಲ್ಲು ಒದ್ದೆ. ಒಂದು ಮರಿ ಸತ್ತು ಬಿದ್ದಿತ್ತು, ಉಳಿದವು ಬಾಯಿ ತೆರೆದುಕೊಂಡು ನಿಂತಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಇವುಗಳನ್ನು ಕೊಲ್ಲುತ್ತಿರುವುದು ಚಳಿಯಲ್ಲ, ನಮ್ಮ ಪ್ರೀತಿ.

"ಗಾಳಿ ಆಡೋ ಹಾಗೆ ಹೊಸ ಗೂಡು ಕಟ್ತೇನೆ" ಎಂದೆ.

"ಎಳೇ ಮರಿಗೆ ಗಾಳಿ ಬಡಿಸ್ತಾಳಂತೆ! ನಿನಗೆ ತಲೆ ಸಮ ಉಂಟನೇ?" ಎಂದರು ಅತ್ತೆ.

"ಹಾಗಾದ್ರೆ ನೀವೇ ಒಂದ್ಸಲ ತಲೆ ಒಳಗೆ ಹಾಕಿ ನೋಡಿ."

ಹಠಕ್ಕೆ ಬಿದ್ದು ಹಾಕಿಯೇಬಿಟ್ಟರು. ಹೊರಗೆ ತೆಗೆದಾಗ ಎರಡೂ ಕಣ್ಣಲ್ಲಿ ನೀರು. ಸೆರಗಿನಿಂದ ಒರೆಸಿಕೊಂಡು, ಸತ್ತ ಮರಿಯನ್ನು ಎತ್ತಿಕೊಂಡು ಹೂಳಲು ತೆಂಗಿನ ಬುಡದ ಕಡೆ ನಡೆದರು. ನನಗೆ ಗೆದ್ದೆ ಅನ್ನಿಸಲಿಲ್ಲ, ಪಾಪ ಅನ್ನಿಸಿತು.

ತಿರುಗಿ ಬಂದವರು ಒಂದೇ ಷರತ್ತು ಹಾಕಿದರು: ಗಾಳಿ ಬರಲಿ, ಆದರೆ ಹೇಂಟೆಯ ಮೈಗೆ ಬೀಸಬಾರದು. ಷರತ್ತು ಸರಿಯಾಗಿಯೇ ಇತ್ತು. ಕಂಬ ನಿಲ್ಲಿಸಿ, ನೆಲದಿಂದ ಮೊಣಕಾಲೆತ್ತರಕ್ಕೆ ಗೂಡಿನ ತಳ ಕೂರಿಸಿ, ಸುತ್ತ ಅಡಿಕೆ ಮರ ಸೀಳಿದ ದಬ್ಬೆ ಬಡಿದು, ಕೋಳಿ ಕೂರುವ ಅಡ್ಡಕೋಲಿಗಿಂತ ಮೇಲೆ, ಮಾಡಿನ ಕೆಳಗೆ ಎದುರುಬದುರು ಎರಡು ಕಡೆ ಉದ್ದಕ್ಕೆ ಖಾಲಿ ಬಿಟ್ಟೆ. ಕಾಡುಬೆಕ್ಕು ನುಗ್ಗದ ಹಾಗೆ ಅಲ್ಲಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆದೆ. ಮೇಲೆ ಹಳೇ ಹಂಚು. ಅತ್ತೆ ಮತ್ತು ನಾನು ಪ್ರತಿ ದಬ್ಬೆಗೂ ಜಗಳವಾಡಿದೆವು. ಮೊಳೆಯ ಡಬ್ಬಿ ಹಿಡಿದು ನಡುವೆ ನಿಂತ ಗಂಡನಿಗೆ ಎರಡೂ ಕಡೆಯಿಂದ ಬೈಗುಳ ಬಿತ್ತು.

ಕೆಲಸ ಮುಗಿದ ಮೇಲೆ ಅತ್ತೆ ಲೋಬಾನದ ಕೆಂಡ ತಂದು ಖಾಲಿ ಗೂಡಿನೊಳಗೆ ಇಟ್ಟು ಕುಕ್ಕರುಗಾಲಲ್ಲಿ ಕೂತರು. ಹೊಗೆ ಅಡ್ಡಕೋಲಿನ ಹತ್ತಿರ ಅಲುಗಾಡದೆ ನೆಟ್ಟಗೆ ಮೇಲೆದ್ದು ಜಾಲರಿಯಿಂದ ಹೊರಗೆ ಹೋಯಿತು. "ಅಡ್ಡಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನಾನು ಆ ದಿನವಿಡೀ ಹಿಗ್ಗಿನಲ್ಲಿದ್ದೆ.

ಆಮೇಲೆ ಒಂದೂ ಮರಿ ಸಾಯಲಿಲ್ಲ. ಬೇಸಿಗೆ ಕಳೆಯುವ ಹೊತ್ತಿಗೆ ಹಿತ್ತಿಲ ತುಂಬ ಬೋಳುಕುತ್ತಿಗೆಗಳು ಕೆದಕಿಕೊಂಡು ಓಡಾಡಿದವು. ನನ್ನ ಸಬ್ಬಸಿಗೆ ಮಡಿಯನ್ನೂ ಬಿಡಲಿಲ್ಲ, ಇರಲಿ.

ಇದನ್ನು ಕೇಳಿ ತವರಿನಿಂದ ಅತ್ತೆಯ ತಮ್ಮ ಫೋನ್ ಮಾಡಿದ. ನಮಗೂ ಒಂದು ಜೋಡಿ ಬೇಕಿತ್ತು ಅಕ್ಕಾ ಎಂದ. ಅತ್ತೆ ಫೋನ್ ಇಟ್ಟವರೇ ಹಿತ್ತಿಲಿಗೆ ಹೋಗಿ ಒಂದು ಹುಂಜ, ಒಂದು ಹೇಂಟೆ ಆರಿಸಿದರು. ಮಾರನೇ ವಾರ ಇಬ್ಬರೂ ಬುಟ್ಟಿ ಹಿಡಿದು ಬಸ್ಸು ಹತ್ತಿದೆವು.

ಅಲ್ಲಿ ಇಳಿದು ಅತ್ತೆ ನೀರು ಕೂಡ ಕುಡಿಯಲಿಲ್ಲ. ನೇರ ಹಿತ್ತಿಲಿಗೆ ಹೋಗಿ ತಮ್ಮನ ಕೋಳಿಗೂಡು ನೋಡಿದರು. ನಾಲ್ಕೂ ಕಡೆ ಹಲಗೆ, ಸಂದಿಗಳಲ್ಲಿ ಗೋಣಿಚೀಲ.

"ಇದಕ್ಕೆ ಮೇಲೆ ಎರಡು ಕಡೆ ಗಾಳಿಗೆ ದಾರಿ ಮಾಡು. ಅಲ್ಲೀವರೆಗೆ ನಾನು ಹುಡುಗಿ ಕೊಡೂದಿಲ್ಲ."

ತಮ್ಮ ನಕ್ಕ. "ಮೊದ್ಲು ಊಟ ಮಾಡಿ ಅಕ್ಕಾ, ನಾಳೆ ಮಾಡಿದ್ರಾತು."

ಅತ್ತೆ ನಗಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತರು. ಅವನು ಗರಗಸ ತಂದು, ಹಲಗೆ ಕೊಯ್ದು ಮುಗಿಸುವವರೆಗೂ ಬುಟ್ಟಿಯನ್ನು ಮಡಿಲಿನಿಂದ ಇಳಿಸಲಿಲ್ಲ.