ಕೋವಿಯಕ್ಕ ಮುಟ್ಟದೆ ಬಿಟ್ಟ ಕೋವಿಗಳು

ಬೆಳಗಿನ ಐದೂವರೆ. ಗುರಿ ಮೈದಾನದ ತುದಿಯಲ್ಲಿರುವ ಮಣ್ಣಿನ ದಿಬ್ಬ ಇನ್ನೂ ಕತ್ತಲಲ್ಲೇ ಇದೆ. ತಗಡಿನ ಮಾಡಿನ ಪುಟ್ಟ ಕೋಣೆಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಸ್ವೆಟರಿನ ಮೇಲೊಂದು ಸ್ವೆಟರ್ ಹಾಕಿಕೊಂಡು, ಬೆಂಚಿನ ಮೇಲೆ ಮಲಗಿಸಿದ ರೈಫಲ್ಲಿನ ಮುಂದೆ ಸುಮ್ಮನೆ ನಿಂತಿದ್ದಾರೆ. ಎರಡೂ ಕೈಗಳು ಕಂಕುಳಲ್ಲಿವೆ. ಚಳಿಗೆ ಹಾಗೆ ನಿಂತಿದ್ದಾರೆ ಎಂದುಕೊಂಡರೆ ಅದು ಅರ್ಧ ಮಾತ್ರ ಸರಿ.

"ಮೊದಲು ಕಣ್ಣು, ಆಮೇಲೆ ಕಿವಿ, ಕೈ ಕೊನೆಗೆ," ಎನ್ನುತ್ತಾರೆ ಅವರು. "ಕೈಗೆ ಬುದ್ಧಿ ಕಮ್ಮಿ. ಸುಮ್ನೆ ಬಿಟ್ರೆ ಏನಾದ್ರೂ ತಿರುವ್ತಾ, ಉಜ್ಜ್ತಾ ಇರುತ್ತೆ."

ಇಲ್ಲಿ ಗುರಿ ಹೊಡೆಯುವುದನ್ನು ಕಲಿಯಲು ಬರುವ ಮಕ್ಕಳಿಂದ ಹಿಡಿದು ರೈಫಲ್ ಸಂಘದ ಅಧ್ಯಕ್ಷರವರೆಗೆ ಎಲ್ಲರಿಗೂ ಅವರು ಕೋವಿಯಕ್ಕ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ, ಅಲ್ಲೇ ಇರಲಿ ಎಂಬುದು ಅವರ ಅಭಿಪ್ರಾಯ. ಸಂಘದ ರೈಫಲ್‌ಗಳ ರಿಪೇರಿ ಮೊದಲು ಅವರ ಅಪ್ಪನ ಕೆಲಸವಾಗಿತ್ತು. ಅಪ್ಪನಿಗೆ ದೀಪ ಹಿಡಿಯುತ್ತಾ ಹಿಡಿಯುತ್ತಾ ಮಗಳಿಗೆ ಕೆಲಸ ಬಂತು. ಅಪ್ಪನ ಕಣ್ಣು ಮಂಜಾದ ಮೇಲೆ ದೀಪ ಅವರ ಕೈಗೂ ಸ್ಕ್ರೂಡ್ರೈವರ್ ಇವರ ಕೈಗೂ ಹೋಯಿತು. "ಹೆಂಗಸು ಮುಟ್ಟಿದ ಕೋವಿ ನೆಟ್ಟಗೆ ಹೊಡೆಯುತ್ತಾ" ಎಂದು ಮೂಗು ಮುರಿದವರೂ ಇದ್ದರು. ಅವರ ಮೊಮ್ಮಕ್ಕಳು ಈಗ ಇದೇ ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ. ಮೂವತ್ತೊಂದು ವರ್ಷ ಎಂದರೆ ಸುಮ್ಮನೆಯೇ?

ಕೋಣೆ ಹತ್ತಡಿಗೆ ಹನ್ನೆರಡಡಿ. ಒಂದು ಬೆಂಚು, ಕೋವಿಯನ್ನು ಕಚ್ಚಿ ಹಿಡಿಯುವ ಒಂದು ವೈಸ್, ಹಿಡಿಗೆ ದಾರ ಸುತ್ತಿದ ಅಪ್ಪನ ಕಾಲದ ಸ್ಕ್ರೂಡ್ರೈವರ್‌ಗಳು, ಮೈದಾನದ ಕಡೆಗೆ ತೆರೆಯುವ ಒಂದು ದೊಡ್ಡ ಕಿಟಕಿ. ಮಾಡಿನ ತಗಡಿನಲ್ಲಿ ಕಡಲೆಕಾಳಿನಷ್ಟು ಒಂದು ತೂತು. ಬೆಳಿಗ್ಗೆ ಎಂಟಕ್ಕೆ ಅದರಿಂದ ಇಳಿದ ಬಿಸಿಲು ಗೋಡೆಯ ಮೇಲೆ ಬಿದ್ದಿರುತ್ತದೆ, ಹತ್ತರ ಹೊತ್ತಿಗೆ ಬೆಂಚಿಗೆ ಬರುತ್ತದೆ. ಮಳೆ ಬಂದರೆ ಬಿಸಿಲಿನ ಜಾಗದಲ್ಲಿ ನೀರು. ಮುಚ್ಚಿಸೋಣ ಎಂದವರಿಗೆಲ್ಲ ಕೋವಿಯಕ್ಕನದು ಒಂದೇ ಉತ್ತರ: "ಇರ್ಲಿ ಬಿಡಿ, ಅದು ನನ್ನ ಮೇಷ್ಟ್ರು."

ದಿನದ ಲೆಕ್ಕ ಹೀಗಿದೆ. ಬಳಕೆಯಲ್ಲಿರುವ ಹಳೆಯ ರೈಫಲ್‌ಗಳು ಇಪ್ಪತ್ತೆರಡು, ಕಲಿಯುವ ಮಕ್ಕಳು ನಲವತ್ತು. ಏಳು ಗಂಟೆಯ ಮೊದಲ ತಂಡ ಬರುವುದರೊಳಗೆ ಒಂದೊಂದು ರೈಫಲ್ಲಿನ ನಳಿಗೆಯಲ್ಲೂ ಬಟ್ಟೆ ಹಾಯಬೇಕು, ಸ್ಕ್ರೂಗಳ ಬಿಗಿ ನೋಡಬೇಕು, ಮದ್ದಿಲ್ಲದ ಹುಸಿ ತೋಟಾ ಹಾಕಿ ಐದು ಸಲ ಕುದುರೆ, ಎಂದರೆ ಟ್ರಿಗರ್, ಎಳೆದು ಸದ್ದು ಕೇಳಬೇಕು. ಆ "ಟಕ್" ಎನ್ನುವ ಸದ್ದಿನಲ್ಲೇ ಅವರಿಗೆ ಕೋವಿಯ ಆರೋಗ್ಯ ತಿಳಿಯುತ್ತದೆ. ಏಳಕ್ಕೆ ಸರಿಯಾಗಿ ಯಜಮಾನರು ಫ್ಲಾಸ್ಕಿನಲ್ಲಿ ಟೀ ತರುತ್ತಾರೆ. ಬಸ್ಸು ಓಡಿಸಿ ನಿವೃತ್ತರಾದವರು, ಬಾಯಿಗೆ ಮಾತ್ರ ಇನ್ನೂ ಬ್ರೇಕ್ ಹಾಕಿಲ್ಲ. "ಮನೇಲಿ ಜಗಳ ಆದ್ರೆ ಸೋಲೋದು ನಾನೇ ಸ್ವಾಮಿ," ಎನ್ನುತ್ತಾರೆ. "ಇವಳ ಹತ್ರ ಇಪ್ಪತ್ತೆರಡು ಬಂದೂಕಿವೆ, ನನ್ನ ಹತ್ರ ಇರೋದು ಒಂದು ಫ್ಲಾಸ್ಕು."

ಈ ಕೋಣೆಗೆ ಅತಿ ಹೆಚ್ಚು ಬರುವ ಪ್ರಶ್ನೆ ಒಂದೇ. ಪೆಟ್ಟಿಗೆ ಒಡೆದು ತಂದ ಹೊಸ ರೈಫಲ್ಲನ್ನು ಬೆಂಚಿನ ಮೇಲಿಟ್ಟು ಮಾಲೀಕರು ಕೇಳುತ್ತಾರೆ: ಕಾರ್ಖಾನೆಯದು ಕಾರ್ಖಾನೆಯದೇ, ನಿಮ್ಮ ಕೈಯಿಂದ ಒಂದು ಸಲ ಶ್ರುತಿ ಮಾಡಿಸಿದರೆ ನಂಬಿಕೆಯಿಂದ ಹೊಡೆಯಬಹುದಲ್ಲವೇ? ಕುದುರೆ ಸ್ವಲ್ಪ ಹಗುರ ಮಾಡಿ, ಒಳಗೆಲ್ಲ ನುಣುಪು ಮಾಡಿ ಎಂದು ದುಂಬಾಲು ಬೀಳುತ್ತಾರೆ. ಕೋವಿಯಕ್ಕ ನಾಲ್ಕು ದಿನ ಇಟ್ಟುಕೊಂಡು, ನೂರು ಗುಂಡು ಹೊಡೆದು ನೋಡಿ, ಹೆಚ್ಚಿನವನ್ನು ಹಾಗೇ ವಾಪಸ್ ಕೊಡುತ್ತಾರೆ.

"ಹೊಸ ಸೊಸೆ ಬಂದ ದಿನವೇ ತಪ್ಪು ಹುಡುಕೋಕೆ ಕೂತ್ರೆ ಸಿಗದೆ ಇರುತ್ತಾ? ಅವಳ ಪಾಡಿಗೆ ನಾಲ್ಕು ದಿನ ಬಿಡ್ಬೇಕು. ನಿಜವಾಗ್ಲೂ ತೊಂದರೆ ಇದ್ರೆ ತಾನಾಗೇ ಕಾಣುತ್ತೆ. ಇಲ್ಲದ ತೊಂದರೇನ ನಾವು ಉಜ್ಜಿ ಉಜ್ಜಿ ಹುಟ್ಟಿಸ್ತೀವಿ."

ಈ ಬುದ್ಧಿ ಅವರಿಗೆ ಪುಕ್ಕಟೆಯಾಗಿ ಬಂದದ್ದಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಹದಿನೇಳರ ಹುಡುಗಿಯೊಬ್ಬಳು ಹೊಚ್ಚ ಹೊಸ ರೈಫಲ್ ತಂದಳು. ದೊಡ್ಡ ಪಂದ್ಯಕ್ಕೆ ಒಂದು ವಾರವಿತ್ತು. ರೈಫಲ್ಲಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಕುದುರೆ ಇನ್ನಷ್ಟು ಹಗುರವಾದರೆ ಗೆದ್ದೇ ಗೆಲ್ಲುತ್ತೇನೆ ಎಂಬುದು ಅವಳ ಹಟ. ಕೋವಿಯಕ್ಕ ಮೂರು ದಿನ ಆಗಲ್ಲ ಎಂದರು. ನಾಲ್ಕನೆಯ ದಿನ ಹುಡುಗಿ ಇದೇ ಕೋಣೆಯಲ್ಲಿ ಕೂತು ಅತ್ತಳು. ಅವರು ಕರಗಿದರು, ಒಳಗಿನ ಒಂದು ತುಣುಕನ್ನು ಅರದಲ್ಲಿ ಉಜ್ಜಿದರು, ಕೂದಲೆಳೆಯಷ್ಟು.

ಪರೀಕ್ಷೆಗೆಂದು ಹುಡುಗಿ ಗುಂಡು ತುಂಬಿದ ರೈಫಲ್ಲನ್ನು ಕಿಟಕಿಯ ಮೇಲಿಡಲು ಎತ್ತಿದಳು. ಕುದುರೆ ಮುಟ್ಟಿರಲೇ ಇಲ್ಲ, ತೋಟಾ ಕೂರುವ ಬಾಯಿಯ ಬೋಲ್ಟ್ ಮುಚ್ಚಿದ್ದಷ್ಟೇ. ಉಜ್ಜಿ ಹಗುರವಾದ ಕುದುರೆ ತಾನೇ ಜಾರಿ ಗುಂಡು ಹಾರಿತು. ಅದೇ ಹೊತ್ತಿಗೆ ಕೆಳಗೆ ಬಿದ್ದ ಸ್ಕ್ರೂ ಹೆಕ್ಕಲು ಬಗ್ಗಿದ್ದ ಕೋವಿಯಕ್ಕನ ತಲೆಯ ಮೇಲಿಂದ ಹೋಗಿ ತಗಡನ್ನು ತೂತು ಮಾಡಿತು. ಯಾರಿಗೂ ಏನೂ ಆಗಲಿಲ್ಲ. ಸಂಘದವರು ವಿಚಾರಿಸಿದಾಗ ಕೋವಿಯಕ್ಕ ಹೇಳಿದ್ದು ಇಷ್ಟೇ: ನನ್ನ ಕೈ ತಪ್ಪಿತು. ಯಾರು ಕೇಳಿದರು, ಯಾರು ಅತ್ತರು ಎಂಬುದನ್ನು ಅವರು ಬಾಯಿಬಿಡಲಿಲ್ಲ.

ಕಳೆದ ತಿಂಗಳು ಸಂಘಕ್ಕೆ ಎಂಟು ಹೊಸ ರೈಫಲ್‌ಗಳು ಬಂದವು. ಒಂದೊಂದು ಪೆಟ್ಟಿಗೆಯಲ್ಲೂ "ಪರೀಕ್ಷಿಸಲಾಗಿದೆ" ಎಂದು ಕಾರ್ಖಾನೆಯ ಮೊಹರಿನ ಚೀಟಿ ಇತ್ತು. ಅಧ್ಯಕ್ಷರು ಹಳೆಯ ಕಾಲದ ಎಂಜಿನಿಯರ್, ಮಾತು ಮೆತ್ತಗಿದ್ದರೂ ಲೆಕ್ಕ ಗಟ್ಟಿ. ಕೋವಿಯಕ್ಕನನ್ನು ಕರೆದು ಹೇಳಿದರು, "ಅಮ್ಮಾ, ಹಳೇ ಬಂದೂಕೆಲ್ಲ ಒಂದೊಂದಾಗಿ ತೆಗೀತೀವಿ. ಇನ್ಮೇಲೆ ಹೊಸವೇ ಬರೋದು. ಈ ಎಂಟನ್ನ ನೋಡಿ ಬರೆದುಕೊಡಿ. ಇವಕ್ಕೆ ನಿಮ್ಮ ಕೈಕೆಲಸ ಬೇಕು ಅಂದ್ರೆ ಕೋಣೆ ಇರುತ್ತೆ. ಬೇಡ ಅಂದ್ರೆ, ನೀವೇ ಹೇಳಿ, ರಿಪೇರಿ ಕೋಣೆ ಇಟ್ಕೊಂಡು ಏನು ಮಾಡೋಣ? ಉಗ್ರಾಣಕ್ಕೆ ಜಾಗ ಸಾಲ್ತಿಲ್ಲ."

ಬೇಕು ಎಂದು ಎರಡಕ್ಷರ ಬರೆದರೆ ಕೋಣೆ ಉಳಿಯುತ್ತಿತ್ತು. ಕೋವಿಯಕ್ಕ ಎಂಟು ದಿನ, ದಿನಕ್ಕೊಂದರಂತೆ ಪರೀಕ್ಷೆ ಮಾಡಿದರು. ನಸುಕಿನ ಚಳಿಯಲ್ಲಿ ಮೂವತ್ತು ಗುಂಡು, ನಡು ಮಧ್ಯಾಹ್ನ ಮೂವತ್ತು, ಒರೆಸದೆ ಮತ್ತೆ ನಲವತ್ತು. ಮೊದಲ ನಾಲ್ಕು ಒಂದು ಸಲವೂ ತಪ್ಪಲಿಲ್ಲ.

ಐದನೆಯದು ಚಳಿಯಲ್ಲಿ ಎರಡು ಸಲ ಮುಷ್ಕರ ಹೂಡಿತು. ಕುದುರೆ ಎಳೆದರೆ "ಟಕ್" ಬದಲು "ಟುಪ್". ಗುಂಡು ಹಾರಲಿಲ್ಲ. ಅವರು ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು, ಮನಸ್ಸಿನಲ್ಲೇ ಮೂವತ್ತು ಎಣಿಸಿ, ಆಮೇಲೆ ಬೋಲ್ಟ್ ತೆರೆದರು. ತೋಟಾದ ಬುಡಕ್ಕೆ ಬಡಿದು ಗುಂಡು ಹಾರಿಸಬೇಕಾದ ಸೂಜಿಯ ಗುರುತು ತೀರಾ ತೆಳ್ಳಗಿತ್ತು. ಪಕ್ಕದಲ್ಲಿದ್ದ ಯಜಮಾನರಿಗೆ ಹಾಲು ಕುಡಿದಷ್ಟು ಸಂತೋಷ.

"ಸಿಕ್ತಲ್ಲ. ಶ್ರುತಿ ಬೇಕು ಅಂತ ಬರಿ."

"ಶ್ರುತಿ ಬೇಡ ರೀ. ಸಾಗಿಸುವಾಗ ತುಕ್ಕು ಹಿಡೀಬಾರದು ಅಂತ ಕಾರ್ಖಾನೆಯವರು ಗ್ರೀಸ್ ಬಳಿದಿದ್ದಾರೆ. ಇದಕ್ಕೆ ಯಾರೋ ಪುಣ್ಯಾತ್ಮ ಕೈ ಬಿಚ್ಚಿ ಬಳಿದಿದ್ದಾನೆ. ಚಳಿಗೆ ಗಟ್ಟಿಯಾಗಿದೆ, ಅಷ್ಟೇ."

"ಅದನ್ನೇ ಸ್ವಲ್ಪ ದೊಡ್ಡದು ಮಾಡಿ ಬರಿ ಅಂದೆ."

"ಬರೆದ ಮೇಲೆ ಉಜ್ಜಬೇಕಾಗುತ್ತೆ. ಉಜ್ಜಿದ್ರೆ ಮೇಲೆ ಇನ್ನೊಂದು ತೂತು."

ಯಜಮಾನರು ಫ್ಲಾಸ್ಕಿನ ಮುಚ್ಚಳ ಹಾಕಿದರು. "ನಿನ್ನ ಕಾಲ ಮೇಲೆ ನೀನೇ ಕೊಡಲಿ ಹಾಕ್ಕೊಳ್ತೀಯ," ಎಂದರು. ಆದರೂ ಗ್ರೀಸ್ ಒರೆಸಲು ಹಳೇ ಬನಿಯನ್ ಹರಿದು ಕೊಟ್ಟವರು ಅವರೇ. ಮರುದಿನ ನಸುಕಿನಲ್ಲಿ ಐದನೆಯದು ಮತ್ತೆ ನೂರು ಗುಂಡು ಹೊಡೆಯಿತು, ಒಂದೂ ತಪ್ಪದೆ. ಉಳಿದ ಮೂರೂ ಹಾಗೇ. ಕೊನೆಗೆ ವರದಿಯಲ್ಲಿ ಎಂಟು ಸಾಲು, ಎಂಟಕ್ಕೂ "ಕೆಲಸ ಬೇಕಿಲ್ಲ". ಐದನೆಯ ಸಾಲಿನ ಮುಂದೆ ಮಾತ್ರ "ಒರೆಸಿದ್ದೇನೆ" ಎಂದು ಸೇರಿಸಿದ್ದರು. ಅದನ್ನು ಕೊಟ್ಟು ಬಂದ ಸಂಜೆ ಅಪ್ಪನ ಸ್ಕ್ರೂಡ್ರೈವರ್‌ಗಳನ್ನು ಬಟ್ಟೆಯಲ್ಲಿ ಸುತ್ತಿದರು. ಆಗ ಅತ್ತಿರಾ ಎಂದು ಕೇಳಿದರೆ "ಗ್ರೀಸ್ ಕೈಯಲ್ಲಿ ಕಣ್ಣು ಮುಟ್ಟಬಾರದು" ಎಂದು ಮಾತು ತಿರುಗಿಸುತ್ತಾರೆ.

ಸಭೆಯಲ್ಲಿ ಅಧ್ಯಕ್ಷರು ವರದಿ ಓದಿ, ಹಾಗಾದರೆ ಉಗ್ರಾಣದ ವಿಷಯ ತೆಗೆದುಕೊಳ್ಳೋಣ ಎಂದಾಗ ಸಂಘದ ಕೋಚ್ ಎದ್ದು ನಿಂತರು. ಮೂವತ್ತೆಂಟರ ಹೆಂಗಸು, ಮಾತಿನಲ್ಲಿ ಕಂಜೂಸಿ. ಅಂದು ಅತ್ತ ಹುಡುಗಿ ಅವರೇ.

"ಮಾಡಿನ ತೂತು ಅಕ್ಕನ ಕೈತಪ್ಪು ಅಂತ ನಿಮ್ಮ ಕಡತದಲ್ಲಿದೆ ಸಾರ್. ಅದು ನನ್ನ ಹಟ. ಬೇಡ ಬೇಡ ಅಂದ್ರೂ ಅತ್ತು ಮಾಡಿಸಿದ್ದು ನಾನು. ಇಪ್ಪತ್ತೊಂದು ವರ್ಷ ಅವರು ನನ್ನ ಹೆಸರು ಹೇಳ್ಲಿಲ್ಲ, ನಾನೂ ಹೇಳ್ಕೊಳ್ಳಲಿಲ್ಲ. ಅದು ನನ್ನ ತಪ್ಪು." ಅಧ್ಯಕ್ಷರ ಮುಂದಿದ್ದ ವರದಿಯ ಕಡೆ ಕೈ ತೋರಿದರು. "ಕೋವಿ ರಿಪೇರಿ ಮಾಡೋರು ಹತ್ತು ಜನ ಸಿಗ್ತಾರೆ. ಕೋಣೆ ಹೋಗುತ್ತೆ ಅಂತ ಗೊತ್ತಿದ್ದೂ ಎಂಟು ಸಲ 'ಬೇಕಿಲ್ಲ' ಅಂತ ಬರೆಯೋರು ಇವರೊಬ್ಬರೇ. ಇವರು ಸರಿ ಅನ್ನದ ಕೋವೀನ ನಾನು ಮಕ್ಕಳ ಕೈಗೆ ಕೊಡಲ್ಲ."

ಅಧ್ಯಕ್ಷರು ಉಗ್ರಾಣದ ವಿಷಯವನ್ನು ಮುಂದಕ್ಕೆ ಹಾಕಿದರು. ಮರುದಿನ ನಸುಕಿನಲ್ಲೇ ಮಫ್ಲರ್ ಸುತ್ತಿಕೊಂಡು ಕೋಣೆಗೆ ಬಂದು, ಐದನೆಯ ರೈಫಲ್ ತೋರಿಸಿ ಎಂದರು.

"ಇದನ್ನ ಒರೆಸದೆ ಕೊಟ್ಟಿದ್ರೆ ಏನಾಗ್ತಿತ್ತಮ್ಮ?"

"ಚಳೀಲಿ ಗುಂಡು ಹಾರ್ತಿರಲಿಲ್ಲ ಸಾರ್. ಏನಾಯ್ತು ಅಂತ ಮಗು ತಕ್ಷಣ ಬೋಲ್ಟ್ ತೆಗೆದಿದ್ರೆ, ತಡವಾಗಿ ಹಾರೋ ಗುಂಡೂ ಇರುತ್ತೆ, ಮುಖಕ್ಕೇ ಸಿಡೀಬಹುದು. ಹಾಗಾಗಲೇಬೇಕು ಅಂತಿಲ್ಲ. ಆಗಬಾರದು, ಅಷ್ಟೇ."

"ಕಾರ್ಖಾನೆ ಪರೀಕ್ಷೆ ಮಾಡಿದೀವಿ ಅಂತ ಬರೆದಿದೆಯಲ್ಲ."

"ಸುಳ್ಳು ಬರೆದಿಲ್ಲ ಸಾರ್. ಅವರು ಅವರ ಬೆಚ್ಚಗಿನ ಕೋಣೇಲಿ ಮಾಡಿದಾರೆ. ನಮ್ಮ ಚಳಿ ಅವರಿಗೇನು ಗೊತ್ತು?"

ಅಧ್ಯಕ್ಷರು ಹುಸಿ ತೋಟಾ ಹಾಕಿಸಿ ತಾವೇ ಕುದುರೆ ಎಳೆದು ಆ "ಟಕ್" ಕೇಳಿದರು, ಮತ್ತೊಮ್ಮೆ ಕೇಳಿದರು. ಕೋಣೆ ಉಳಿಯಿತು. ಪೂರ್ತಿ ಉಳಿಯಿತು ಎನ್ನುವಂತಿಲ್ಲ, ಅರ್ಧಕ್ಕೆ ಉಗ್ರಾಣದ ಪೆಟ್ಟಿಗೆಗಳು ಬಂದು ಕೂತಿವೆ. ಯಜಮಾನರಿಗೆ ಟೀ ಕುಡಿಯಲು ಈಗ ಒಂದು ಕಾಲೂರುವಷ್ಟೇ ಜಾಗ. ತೂತಿನ ಬಿಸಿಲು ತಪ್ಪಬಾರದೆಂದು ಕೋವಿಯಕ್ಕ ಬೆಂಚನ್ನು ಮಾತ್ರ ಒಂದಿಂಚೂ ಸರಿಸಗೊಡಲಿಲ್ಲ. ಮಳೆ ಬಂದ ದಿನ ಅದರ ಕೆಳಗೆ ಬಕೆಟ್ ಇಡುವವರು ಕೋಚ್. ಇಪ್ಪತ್ತೊಂದು ವರ್ಷದಿಂದ ಆ ಕೆಲಸವನ್ನು ಅವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ.

ಈವರೆಗೆ ಎಷ್ಟು ಕೋವಿ ರಿಪೇರಿ ಮಾಡಿದ್ದೀರಿ ಎಂದು ಕೇಳಿದರೆ ಕೋವಿಯಕ್ಕ ತಲೆ ಕೆರೆದುಕೊಳ್ಳುತ್ತಾರೆ. "ಅದನ್ನ ಯಾರು ಎಣಿಸ್ತಾರೆ? ಮುಟ್ಟದೆ ವಾಪಸ್ ಕೊಟ್ಟಿದ್ದು ಎಷ್ಟು ಅಂತ ಕೇಳಿ, ತೂತು ಬಿದ್ದ ದಿನದಿಂದ ಬರೆದಿಟ್ಟಿದೀನಿ." ಬೆಂಚಿನ ಖಾನೆಯಿಂದ ಎಣ್ಣೆ ಕಲೆಯ ನೋಟ್‌ಬುಕ್ ಹೊರಬರುತ್ತದೆ. ಕೊನೆಯ ಪುಟದಲ್ಲಿ ಇನ್ನೂರ ನಲವತ್ತೊಂದು ಎಂದಿದೆ. ಅದರ ಹಿಂದಿನ ಸಾಲಿನಲ್ಲಿರುವುದು ಇನ್ನೂರ ಮೂವತ್ತನಾಲ್ಕು.

ಬಂದ ಹೊಸ ರೈಫಲ್‌ಗಳು ಎಂಟಲ್ಲವೇ, ಏಳೇ ಏಕೆ ಸೇರಿವೆ?

"ಐದನೇದು ಲೆಕ್ಕಕ್ಕಿಲ್ಲ," ಎನ್ನುತ್ತಾರೆ ಅವರು, ನೋಟ್‌ಬುಕ್ ಮುಚ್ಚುತ್ತಾ. "ಅದನ್ನ ಒರೆಸಿದೆನಲ್ಲ."